ನಾಲ್ಕು ಗಂಟೆಯಲ್ಲಿ ನಾಲ್ಕು ದೇಶ

ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಅಡುಗೆಮನೆಯ ತಕ್ಕಡಿಯ ಮೇಲೆ ಹೆಂಡತಿಯ ಎಡಗಾಲಿನ ಚಪ್ಪಲಿಯನ್ನು ತೂಗುತ್ತಿದ್ದೆ. ಇನ್ನೂರ ಹನ್ನೆರಡು ಗ್ರಾಂ. ಬಲಗಾಲಿನದು ಇನ್ನೂರ ಹದಿನೆಂಟು ಬಂದಿತ್ತು. ಈ ಆರು ಗ್ರಾಂ ಎಲ್ಲಿಂದ ಬಂತು ಎಂದು ಯೋಚಿಸುತ್ತಿರುವಾಗಲೇ ಚಪ್ಪಲಿಯ ಒಡತಿ ಬಾಗಿಲಲ್ಲಿ ಕಾಣಿಸಿಕೊಂಡಳು.

“ರೀ, ಅದು ಹಿಟ್ಟು ತೂಗೋ ತಕ್ಕಡಿ.”

“ಕೆಳಗೆ ಪೇಪರ್ ಹಾಸಿದ್ದೀನಲ್ಲ. ಪೇಪರಿನ ತೂಕಾನೂ ಕಳೆದಿದ್ದೀನಿ.”

ಅವಳು ಪೇಪರನ್ನು ನೋಡಿದಳು, ಚಪ್ಪಲಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಈ ಮೂರನೆಯ ನೋಟದ ಅರ್ಥ ನನಗೆ ಬಾಯಿಪಾಠವಾಗಿದೆ.

ನಾನು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಹಿರಿಯ ವಿಶ್ಲೇಷಕ. ಊರಿನವರು ಕುಡಿಯುವ ನೀರಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ದಶಾಂಶದ ನಂತರ ಮೂರು ಸ್ಥಾನದವರೆಗೆ ಹೇಳಬಲ್ಲೆ. (ನಮ್ಮ ಮನೆಯ ಹೂಜಿಯಲ್ಲಿ ನೀರು ಮುಗಿದಿದೆ ಎಂಬುದು ಮಾತ್ರ ನನಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ ಎಂದು ಹೆಂಡತಿಯ ದೂರು.) ಇಂಥ ಮನುಷ್ಯ ಮೊದಲ ಬಾರಿ ಕುಟುಂಬವನ್ನು ವಿದೇಶಕ್ಕೆ ಕರೆದುಕೊಂಡು ಹೊರಟರೆ ಸುಮ್ಮನೆ ಹೊರಡುತ್ತಾನೆಯೇ? ಎಂಟು ದಿನ. ಸಿಂಗಾಪುರ, ಕೌಲಾಲಂಪುರ, ಬ್ಯಾಂಕಾಕ್, ಹನೋಯ್. ತಲಾ ಎರಡು ದಿನ. ಹೊರಡುವವರು ನಾನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮತ್ತು ನಮ್ಮ ಜೊತೆಯಲ್ಲೇ ಇರುವ ನನ್ನ ಅತ್ತೆ. ಟ್ರಾವೆಲ್ ಏಜೆಂಟಮ್ಮ ನಾಲ್ಕು ಸೀಟು ತೆಗೆದಿಟ್ಟು, ಆ ಭಾನುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದಿದ್ದಳು.

ಅಷ್ಟು ಹೊತ್ತಿಗಾಗಲೇ ಹೂಂ ಅಂದು ಮುಗಿಯಬೇಕಿತ್ತು. ಮುಗಿಯದೇ ಇದ್ದದ್ದಕ್ಕೆ ಕಾರಣ ನನ್ನ ಹತ್ತೊಂಬತ್ತು ಪುಟದ ವೇಳಾಪಟ್ಟಿಯ ಕೊನೆಯಲ್ಲಿದ್ದ ಹತ್ತು ನಿಯಮಗಳಲ್ಲಿ ಒಂಬತ್ತನೆಯದು: ‘ಗುಂಪಿನ ಯಾವ ಸದಸ್ಯರಿಗಾಗಿಯೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕಾಯತಕ್ಕದ್ದಲ್ಲ. ಯಾರಿಗೂ ವಿನಾಯಿತಿ ಇಲ್ಲ.’

“ನಮ್ಮಮ್ಮನಿಗೆ ಚಪ್ಪಲಿ ಹಾಕ್ಕೊಳ್ಳೋಕೇ ನಾಲ್ಕು ನಿಮಿಷ ಬೇಕು,” ಎಂದಳು ಹೆಂಡತಿ, ತನ್ನ ಚಪ್ಪಲಿಯನ್ನು ತಕ್ಕಡಿಯಿಂದ ಕಿತ್ತುಕೊಳ್ಳುತ್ತ. “ಮಂಡಿ ನೋವಿನವರನ್ನ ಗುರುತಿಲ್ಲದ ಊರಿನ ಬೀದೀಲಿ ಬಿಟ್ಟು ಮುಂದೆ ಹೋಗ್ತೀರಾ?”

“ನಿಯಮ ಇದ್ರೆ ಯಾರೂ ತಡ ಮಾಡಲ್ಲ. ಅದಕ್ಕೇ ನಿಯಮ.”

“ಆ ನಿಯಮ ತೆಗೀರಿ. ಇಲ್ಲಾಂದ್ರೆ ನಾನೂ ಬರಲ್ಲ, ಅಮ್ಮನೂ ಬರಲ್ಲ.”

ಇದು ಬರೀ ಬೆದರಿಕೆಯಲ್ಲ. ಅಮ್ಮನನ್ನು ಒಂದು ಸಲ ವಿಮಾನದ ಕಿಟಕಿ ಪಕ್ಕ ಕೂರಿಸಬೇಕು ಎಂಬುದು ಅವಳ ಬಹುದಿನದ ಆಸೆ. ನನಗೂ ಅದು ಗೊತ್ತಿತ್ತು. ವೇಳಾಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಬರೆದ ಸಾಲೇ ‘ಕಿಟಕಿ: ಅತ್ತೆ’ ಎಂದು. ಆದರೆ ಒಂದು ನಿಯಮ ಸಡಿಲಿಸಿದರೆ ಹತ್ತೂ ಸಡಿಲವಾಗುತ್ತವೆ. ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ಪ್ರಯೋಗಾಲಯದಲ್ಲಿ ಹೊಸ ವಿಧಾನ ಬಂದರೆ ನಾವು ವಾದ ಮಾಡುವುದಿಲ್ಲ, ಮಾಡಿ ನೋಡುತ್ತೇವೆ.

“ಇವತ್ತೇ ಮನೇಲಿ ರಿಹರ್ಸಲ್ ಮಾಡೋಣ,” ಎಂದೆ. “ಒಂದು ನಿಯಮಾನೂ ಮುರೀದೆ ಮುಗಿದ್ರೆ ನನ್ನ ವೇಳಾಪಟ್ಟಿ ಖಾಯಂ. ಒಂದೇ ಒಂದು ಮುರಿದ್ರೂ ಒಂಬತ್ತನ್ನ ಹೊಡೆದು ಹಾಕ್ತೀನಿ.”

ಅವಳು ಸ್ವಲ್ಪ ಯೋಚಿಸಿ, “ಆಗಲಿ,” ಎಂದಳು. ಅಷ್ಟು ಬೇಗ ಒಪ್ಪಿದ್ದೇ ನನ್ನನ್ನು ಎಚ್ಚರಿಸಬೇಕಿತ್ತು.

ನಮ್ಮದು ಎರಡನೇ ಮಹಡಿಯ ಮನೆ. ಹಾಲ್ ಸಿಂಗಾಪುರ, ಅಡುಗೆಮನೆ ಕೌಲಾಲಂಪುರ, ಮೂರನೇ ಮಹಡಿಯ ವರಾಂಡ ಬ್ಯಾಂಕಾಕ್, ತಾರಸಿ ಹನೋಯ್. ನಾಲ್ಕು ಜನರ ಲಿಫ್ಟೇ ವಿಮಾನ. ಅಳತೆ: ಒಂದು ದಿನಕ್ಕೆ ಅರ್ಧ ಗಂಟೆ. ಎಂಟಕ್ಕೆ ಹೊರಟರೆ ಹನ್ನೆರಡಕ್ಕೆ ಪ್ರವಾಸ ಸಂಪೂರ್ಣ.

“ಹಾಗಾದ್ರೆ ನಾಲ್ಕು ನಿಮಿಷ ಕಾಯೋದು ಅಂದ್ರೆ ಎಷ್ಟಪ್ಪಾ?” ಎಂದಳು ಮಗಳು.

“ನಲವತ್ತೆಂಟರಿಂದ ಭಾಗಿಸು. ಐದು ಸೆಕೆಂಡು.”

“ಅಜ್ಜೀ, ಓಡೋಕೆ ರೆಡಿಯಾಗು!”

ಸಿಂಗಾಪುರ ಸುಸೂತ್ರವಾಗಿ ಸಾಗಿತು. ಸೋಫಾದ ಹಿಂದಿನಿಂದ ನಗರವೀಕ್ಷಣೆ ಮಾಡಿ ಮಲಗಿದೆವು. ಏಳು ಗಂಟೆಯ ನಿದ್ದೆ ಎಂದರೆ ಎಂಟು ನಿಮಿಷ ನಲವತ್ತೈದು ಸೆಕೆಂಡು. ಅತ್ತೆ ಅಷ್ಟರಲ್ಲೇ ಗೊರಕೆ ಹೊಡೆದರು. ಅಲಾರಂ ಬಡಿಯಿತು, ಅವರು ಏಳಲಿಲ್ಲ.

“ಒಂದು,” ಎಂದು ನಾನು ಎಣಿಸತೊಡಗಿದೆ.

“ನಮ್ಮಮ್ಮನ್ನ ಸಿಂಗಾಪುರದಲ್ಲೇ ಬಿಡ್ತೀರೇನ್ರೀ?”

“ಎರಡು. ಮೂರು. ಯಾರಿಗೂ ವಿನಾಯಿತಿ ಇಲ್ಲ. ನಾಲ್ಕು…”

ಅತ್ತೆ ಕಣ್ಣು ಬಿಡದೆಯೇ ಎದ್ದು ಕೂತರು. “ನಿದ್ದೆ ಯಾರು ಮಾಡಿದ್ರು ಅಳಿಯಂದಿರೇ? ಕಣ್ಣು ಮುಚ್ಚಿ ನಿಮ್ಮ ನಿಯಮ ಮನನ ಮಾಡ್ತಿದ್ದೆ.”

ಅತ್ತೆಯ ಮಂಡಿ ಅಂದು ಮಹಾ ಚುರುಕಾಗಿತ್ತು. ಲಿಫ್ಟಿಗೆ ನನಗಿಂತ ಮೊದಲೇ ಹೋಗಿ ನಿಂತಿರುತ್ತಿದ್ದರು. ಕೆಳಗೆ ಹೋಗಿ ಮೇಲೆ ಬಂದು ಕೌಲಾಲಂಪುರದಲ್ಲಿ ಇಳಿದೆವು. ಅಲ್ಲಿ ಬೆಳಗಿನ ತಿಂಡಿಗೆಂದು ನಾನು ಕೊಟ್ಟಿದ್ದ ಅರ್ಧ ಗಂಟೆ, ಅಳತೆಯ ಪ್ರಕಾರ ಮೂವತ್ತೇಳೂವರೆ ಸೆಕೆಂಡು. ಮೂವರೂ ಬಿಸ್ಕತ್ತು ತಿಂದು ಸುಮ್ಮನಾದರು. ಕುದಿಯುವ ಕಾಫಿಯನ್ನು ನಿಗದಿತ ಅವಧಿಯಲ್ಲಿ ಮುಗಿಸಿದವನು ನಾನೊಬ್ಬನೇ. ಆಮೇಲೆ ಕೌಲಾಲಂಪುರ ಬಿಡುವವರೆಗೂ ನನಗೆ ‘ಳ’ ಅಕ್ಷರ ಹೊರಡಲಿಲ್ಲ.

ಹತ್ತು ಗಂಟೆಗೆ ಸರಿಯಾಗಿ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತು. ಅಲ್ಲಿ ಕುರ್ಚಿ ಮೇಜು ಹಾಕಿಕೊಂಡು ಚೆಕಿಂಗ್ ಅಂಕಲ್ ಕೂತಿದ್ದರು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ, ಅದೇ ಮಹಡಿಯಲ್ಲಿ ಮನೆಯಿರುವ ಇವರನ್ನು ನಾನೇ ಕೇಳಿಕೊಂಡು ವಲಸೆ ಅಧಿಕಾರಿಯನ್ನಾಗಿ ನೇಮಿಸಿದ್ದೆ. ಹಳೆಯ ಸಮವಸ್ತ್ರವನ್ನು ಇಸ್ತ್ರಿ ಮಾಡಿಸಿಕೊಂಡು, ಟಿಕೆಟ್ಟಿಗೆ ತೂತು ಹೊಡೆಯುವ ಕತ್ತರಿಯನ್ನೂ ಹಿಡಿದು ಬಂದಿದ್ದರು. ಫೋನು, ವಾಚು, ಬೆಲ್ಟನ್ನೆಲ್ಲ ತಟ್ಟೆಗೆ ಹಾಕಿಸಿದರು. ನನ್ನದನ್ನೂ ಸೇರಿಸಿ ಆ ತಟ್ಟೆಯನ್ನು ಮಗಳು ಎತ್ತಿಕೊಂಡಳು.

“ಯಾಕೆ ಬಂದ್ರಿ?” ಎಂದು ಅತ್ತೆಯನ್ನು ಕೇಳಿದರು.

“ಮಗಳು ಬಾ ಅಂದ್ಲು, ಬಂದೆ.”

ಟಕ್ಕೆಂದು ತೂತು ಬಿತ್ತು. ಹೆಂಡತಿ, ಮಗಳು ಕೂಡ ಇಷ್ಟೇ ಸುಲಭವಾಗಿ ದಾಟಿದರು. ನನ್ನ ಸರದಿ ಬಂತು.

“ಎಷ್ಟು ದಿನ ಇರ್ತೀರಿ?”

“ನಲವತ್ತೊಂದು ಗಂಟೆ ಇಪ್ಪತ್ತು ನಿಮಿಷ.”

ಅಂಕಲ್ ಕತ್ತರಿ ಕೆಳಗಿಟ್ಟರು. “ಮೂವತ್ತೊಂದು ವರ್ಷ ಬಸ್ಸಲ್ಲಿ ಚೆಕ್ ಮಾಡಿದ್ದೀನಿ ಸ್ವಾಮಿ. ಟಿಕೆಟ್ ಇರೋನು ‘ಎಲ್ಲೋ ಇದೆ, ತಡೀರಿ’ ಅಂತ ಜೇಬು ತಡಕಾಡ್ತಾನೆ. ಇಲ್ದೇ ಇರೋನೇ ಹೀಗೆ ಪಟಪಟ ಉತ್ತರ ಕೊಡೋದು. ಬ್ಯಾಗ್ ತೆಗೀರಿ.”

ತೆಗೆದೆ. ಹೊಟ್ಟೆ ಕೆಟ್ಟರೆ ನೀರಿಗೆ ಬೆರೆಸಿ ಕುಡಿಯಲೆಂದು ನಾನು ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ, ಪ್ರಯೋಗಾಲಯದ ಅಭ್ಯಾಸಬಲದಿಂದ ಒಂದೊಂದಕ್ಕೂ ಚೀಟಿ ಅಂಟಿಸಿದ್ದೆ.

“ಇದೇನು ಬಿಳೀ ಪುಡಿ? ಸೋಡಿಯಂ ಕ್ಲೋರೈಡ್?”

“ಉಪ್ಪು.”

“ಉಪ್ಪು ಅಂತ ಬರೆದಿಲ್ವಲ್ಲ. ಇದು? ಸುಕ್ರೋಸ್?”

“ಸಕ್ಕರೆ ಅಂಕಲ್.”

“ಉಪ್ಪಿಗೊಂದು, ಸಕ್ಕರೆಗೊಂದು ಕಳ್ಳ ಹೆಸರಿಟ್ಕೊಂಡು ಓಡಾಡ್ತೀರಾ? ಅಲ್ಲೇ ನಿಲ್ಲಿ.”

ಆ ಕಡೆಯಿಂದ ಮಗಳ ದನಿ ಕೇಳಿಸಿತು. “ಒಂದು… ಎರಡು… ಮೂರು…”

ಹೆಂಡತಿ ತಿರುಗಿ ನಿಂತು ನನ್ನ ಮುಖ ನೋಡಿದಳು. “ರೀ, ಕಾಯೋಣ್ವಾ?”

ಓದುಗರೇ, ಇಲ್ಲಿ ‘ಕಾಯಿ’ ಎಂಬ ಎರಡೇ ಅಕ್ಷರ ನನ್ನನ್ನು ಕಾಪಾಡುತ್ತಿತ್ತು. ಆದರೆ ಕಾದರೆ ನಿಯಮ ಒಂಬತ್ತು ಮುರಿಯುತ್ತದೆ, ಪಂದ್ಯ ಸೋಲುತ್ತೇನೆ. ರಣರಂಗದಲ್ಲಿ ಬಿದ್ದ ಸೇನಾಪತಿಯ ಹಾಗೆ ಕೈಯೆತ್ತಿ, “ನಿಯಮ ನಿಯಮಾನೇ. ನೀವು ನಡೀರಿ,” ಎಂದುಬಿಟ್ಟೆ.

“ಐದು!” ಅವರು ನಡೆದೇಬಿಟ್ಟರು.

ನಿಯಮ ಹತ್ತು ಹೀಗಿದೆ: ‘ಗುಂಪಿನಿಂದ ತಪ್ಪಿಸಿಕೊಂಡವರು ತಪ್ಪಿಸಿಕೊಂಡ ಜಾಗದಲ್ಲೇ ಇರತಕ್ಕದ್ದು.’ ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದವರು ಅತ್ತೆ. ಈಗ ಮೆಟ್ಟಿಲ ಮೇಲೆ ಕೂತವನು ಅಳಿಯ. ಎದ್ದು ಹೋದರೆ ಹತ್ತನೆಯದು ಮುರಿಯುತ್ತದೆ. ಬೆಲ್ಟಿಲ್ಲದ ಪ್ಯಾಂಟು ಹಿಡಿದುಕೊಂಡು ಎರಡು ಗಂಟೆ ಕೂತೆ. ಬ್ಯಾಂಕಾಕಿನ ಕಡೆಯಿಂದ ಏನೋ ಕರಿಯುವ ಪರಿಮಳ, ಅಂಕಲ್ ಹೆಂಡತಿಯ ಉಪಚಾರದ ಮಾತು, ಅತ್ತೆಯ ನಗು ತೇಲಿ ಬಂದವು. ಅಂಕಲ್ ನನ್ನನ್ನು ಬಂಧನದಲ್ಲಿಟ್ಟು ಸ್ನಾನಕ್ಕೆ ಹೋದರು. ಮೆಟ್ಟಿಲು ಇಳಿದು ಬಂದ ನಾಲ್ಕನೇ ಮಹಡಿಯ ದಂತವೈದ್ಯರು, “ಏನ್ಸಾರ್ ಇಲ್ಲಿ ಕೂತಿದ್ದೀರಿ?” ಎಂದರು.

“ಬ್ಯಾಂಕಾಕಲ್ಲಿ ಕಳೆದುಹೋಗಿದ್ದೀನಿ.”

ಅವರು ಗೋಡೆಗೆ ಒತ್ತಿಕೊಂಡು ನನ್ನನ್ನು ದಾಟಿ, ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದರು.

ಹನ್ನೊಂದಕ್ಕೆ ನನ್ನ ಕುಟುಂಬ ಲಿಫ್ಟ್ ಹತ್ತಿತು. “ಬರ್ತೀವಿ ಅಳಿಯಂದಿರೇ, ಹುಷಾರಾಗಿರಿ!” ಎಂದು ಅತ್ತೆ ಕೈ ಬೀಸಿದರು. ಬಾಗಿಲು ಮುಚ್ಚಿತು.

ಎಲ್ಲೋ ಗಡಿಯಾರ ಹನ್ನೆರಡು ಹೊಡೆದದ್ದೇ ತಡ, ನಾನು ತಾರಸಿಗೆ ಓಡಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ ಮೂವರೂ ಹಾಯಾಗಿ ಕೂತಿದ್ದರು. ನನ್ನ ಫೋನು ಹೆಂಡತಿಯ ಕೈಯಲ್ಲಿತ್ತು.

“ಗೆದ್ರಿ ರೀ!” ಎಂದಳು. “ಒಂದು ನಿಯಮಾನೂ ಮುರಿದಿಲ್ಲ. ನಿಮ್ಮ ವೇಳಾಪಟ್ಟಿ ಖಾಯಂ. ಏಜೆಂಟಮ್ಮ ಫೋನ್ ಮಾಡಿದ್ಲು, ಹೂಂ ಅಂದ್ಬಿಟ್ಟೆ. ಮೂರು ಟಿಕೆಟ್.”

“ಮೂರಾ?”

“ಬ್ಯಾಂಕಾಕಲ್ಲಿ ಕಳೆದುಹೋಗೋರಿಗೆ ಹನೋಯಿಗೆ ಟಿಕೆಟ್ ಯಾಕೆ?”

“ತಮಾಷೆ ಮಾಡ್ಬೇಡ್ವೇ!”

“ತಮಾಷೆ ಅಲ್ಲಪ್ಪ,” ಎಂದಳು ಮಗಳು. “ನಾನೇ ಹೆಸರು ಬರೆಸಿದ್ದು. ನಾಲ್ಕನೇ ಸೀಟು ಒಂದು ಗಂಟೆವರೆಗೆ ಇಟ್ಟಿರ್ತಾರಂತೆ.”

ಹತ್ತೊಂಬತ್ತು ಪುಟ ಬರೆದವನು ಮನೆಯಲ್ಲಿ ಕೂತು ಗಿಡಕ್ಕೆ ನೀರು ಹಾಕಬೇಕೇ? “ಒಂಬತ್ತು ರದ್ದು,” ಎಂದೆ. “ಈಗಲೇ ರದ್ದು.”

“ರದ್ದು ಬೇಡ. ನೀವು ಗೆದ್ದಿದ್ದೀರಿ, ನಿಯಮ ಇರ್ಲಿ. ಸಂಖ್ಯೆ ಬದಲಾಯಿಸಿ. ಸರಿಯಾದ ಸಂಖ್ಯೆ ಬರೆದ್ರೆ ನಾಲ್ಕನೇ ಸೀಟಿಗೆ ಫೋನ್ ಮಾಡ್ತೀನಿ.”

“ಹತ್ತು ನಿಮಿಷ?”

ಅವಳು ಆಕಾಶ ನೋಡಿದಳು. ಹತ್ತರ ಮೇಲೆ ಅರ್ಧರ್ಧ ನಿಮಿಷ ಏರಿಸುತ್ತ ನಾನು ಮುಕ್ಕಾಲು ಗಂಟೆ ಚೌಕಾಸಿ ಮಾಡಿದೆ.

“ಇಪ್ಪತ್ತು? ಅರ್ಧ ಗಂಟೆ! ಅರ್ಧ ಗಂಟೆ ಯಾರು ಕಾಯ್ತಾರೆ ಹೇಳು ಈ ಲೋಕದಲ್ಲಿ?”

ಅವಳು ಮಗಳ ಕಡೆ ತಿರುಗಿದಳು. “ಕೇಳು. ಮದುವೆಗೆ ಮುಂಚೆ ಒಂದಿನ ಗ್ರಂಥಾಲಯದ ಹತ್ತಿರ ನಾಲ್ಕು ಗಂಟೆಗೆ ಬರ್ತೀನಿ ಅಂದಿದ್ದೆ. ನಿಮ್ಮಜ್ಜಿ ಹೊರಗೇ ಬಿಡ್ಲಿಲ್ಲ. ಮನೆ ತುಂಬ ನೆಂಟರು.”

“ಹೊರಗಡೆ ಅಳಿಯಂದಿರು ಒಣಗ್ತಿದ್ದಾರೆ ಅಂತ ನನಗೇನು ಕನಸು ಬಿದ್ದಿತ್ತಾ?” ಎಂದರು ಅತ್ತೆ.

“ನೆಂಟರು ಹೋದ್ಮೇಲೆ, ಇನ್ನೆಲ್ಲಿ ಕಾಯ್ತಿರ್ತಾರೆ ಅಂದ್ಕೊಂಡೇ ಹೋದೆ. ಮೆಟ್ಟಿಲ ಮೇಲೆ ಕೂತೇ ಇದ್ರು. ಎಷ್ಟು ಹೊತ್ತಾಯ್ತು ಅಂದೆ. ವಾಚು ನೋಡ್ಕೊಂಡು ಹೇಳಿದ್ರು. ಒಂಚೂರು ಬೇಜಾರಿಲ್ಲ, ನೀರಿನ ರಿಪೋರ್ಟ್ ಓದೋ ಹಾಗೆ.”

“ಎಷ್ಟಮ್ಮಾ?”

“ಅವರನ್ನೇ ಕೇಳು. ಸಂಖ್ಯೆ ಮರೆಯೋ ಪೈಕಿ ಅಲ್ಲ ನಿಮ್ಮಪ್ಪ.”

ಮೂರು ತಲೆಮಾರಿನ ಮೂವರು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಗಂಟೆ ಹನ್ನೆರಡು ಐವತ್ತೊಂದು. ನನ್ನ ಕಿವಿ ಬಿಸಿಯಾಗಿದ್ದಕ್ಕೆ ಬಿಸಿಲೂ ಕಾರಣವಿರಬಹುದು. ಪೆನ್ನು ತೆಗೆದೆ. ನಿಯಮ ಒಂಬತ್ತರಲ್ಲಿದ್ದ ನಾಲ್ಕು ನಿಮಿಷವನ್ನು ಹೊಡೆದು ಹಾಕಿ, ಅಂದು ಆ ಮೆಟ್ಟಿಲ ಮೇಲೆ ಅವಳಿಗೆ ಹೇಳಿದ್ದನ್ನೇ ಬರೆದೆ: ಎರಡು ಗಂಟೆ ಹದಿನೇಳು ನಿಮಿಷ.