ಕಾಂದಿವಲಿಯ ಮನೆಗೆ ಬಂದ ಕಂಪ್ಯೂಟರ್

ಒಬ್ಬನೇ ಇರುವವನ ಮನೆಯಲ್ಲಿ ಏನೂ ನಡೆಯುವುದಿಲ್ಲ ಅಂತ ಜನ ತಿಳಿದಿರುತ್ತಾರೆ. ನನ್ನ ಮನೆಯಲ್ಲಿ ವಾರಕ್ಕೊಂದಾದರೂ ನಡೆಯುತ್ತಿತ್ತು. ಹೇಳಿಕೊಂಡು ನಗುವುದಕ್ಕೆ ಮಾತ್ರ ಯಾರೂ ಇರುತ್ತಿರಲಿಲ್ಲ.

ಅವಿರೋಧ ಆಯ್ಕೆ

ಎಂಬತ್ತರ ದಶಕದ ಕೊನೆ. ಮುಂಬಯಿಯ ಮಾಟುಂಗದಲ್ಲಿದ್ದ ಕನ್ನಡ ಸಂಘವೊಂದರ ಮೇಲಿನ ಕೋಣೆಯಲ್ಲಿ ಭಾನುವಾರ ನಾವು ನಾಲ್ಕು ಜನ ಸೇರುತ್ತಿದ್ದೆವು: ಒಬ್ಬರು ಬ್ಯಾಂಕಿನವರು, ಒಬ್ಬರು ಮೇಷ್ಟ್ರು, ಒಬ್ಬರು ಧಾರವಾಡದವರು, ಮತ್ತೆ ನಾನು. ಎಲ್ಲರಿಗೂ ಕಂಪ್ಯೂಟರಿನ ಹುಚ್ಚು. ಇದ್ದದ್ದು ಟೀವಿಗೆ ಜೋಡಿಸುವ ಒಂದು ಪುಟ್ಟ ಕಂಪ್ಯೂಟರ್. ಮನೆಯ ಲೈಟು, ಫ್ಯಾನು, ರೇಡಿಯೋಗಳನ್ನು ಹೊತ್ತಿಗೆ ಸರಿಯಾಗಿ ತಾನೇ ಹಾಕಿ ಆರಿಸುವ ಪ್ರೋಗ್ರಾಂ ಬರೆಯೋಣ ಅಂತ ಹೊರಟೆವು. ಒಬ್ಬೊಬ್ಬರಿಗೆ ಒಂದೊಂದು ಭಾಗ. ಬರೆದದ್ದೇನೋ ಆಯಿತು, ಕೂರಿಸುವುದು ಯಾರ ಮನೆಯಲ್ಲಿ?

"ನಮ್ಮವಳು ಗೋಡೆಗೆ ಮೊಳೆ ಹೊಡೆಯೋಕೂ ಬಿಡಲ್ಲ" ಅಂದರು ಬ್ಯಾಂಕಿನವರು. ಗೋರೆಗಾಂವ್‌ನ ಮೇಷ್ಟ್ರಿಗೆ ಅತ್ತೆಯ ಭಯ. ಧಾರವಾಡದವರು ನನ್ನತ್ತ ತಿರುಗಿದರು.

"ನಿಮ್ಮ ಮನ್ಯಾಗ ಹಾಕೂಣ್ರಿ. ಬ್ಯಾಡ ಅನ್ನಾಕ ಯಾರದಾರ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಸಂಘದಲ್ಲಿ ನಾನು ಅವಿರೋಧವಾಗಿ ಆಯ್ಕೆಯಾದದ್ದು ಅದೊಂದೇ ಸಲ.

ಏಳು ಜನ

ಬಾಗಿಲ ಮುಂದಿನ ಮ್ಯಾಟಿನ ಕೆಳಗೆ ಒಂದು ಸ್ವಿಚ್ ಇಟ್ಟಿದ್ದೆವು. ಯಾರಾದರೂ ತುಳಿದರೆ ಮನೆಗೆ ಒಬ್ಬರು ಬಂದರು ಅಂತ ಲೆಕ್ಕ. ಹೋದವರನ್ನು ಕಳೆಯುವ ಭಾಗ ಮೇಷ್ಟ್ರದು. ಅವರು ಪರೀಕ್ಷೆ ಪೇಪರ್ ತಿದ್ದುವುದರಲ್ಲಿ ಮುಳುಗಿದ್ದರು.

ಹಾಲಿನವನು, ಪೇಪರಿನವನು, ಇಸ್ತ್ರಿಯವನು, ಯಾರನ್ನೋ ಹುಡುಕಿಕೊಂಡು ಬಂದವರು. ಸಂಜೆ ಬಂದು ಟೀವಿ ಹಾಕಿದರೆ, ಮನೆಯಲ್ಲಿ ಏಳು ಜನ ಇದ್ದಾರೆ ಅಂತ ತೋರಿಸುತ್ತಿದೆ! ನಾನು ಷರಟು ಬಿಚ್ಚುವುದಕ್ಕೂ ಒಂದು ಕ್ಷಣ ಹಿಂದೆಮುಂದೆ ನೋಡಿದೆ.

ಭಾನುವಾರ ಮೇಷ್ಟ್ರು ಪೇಚಾಡಿಕೊಂಡರು. "ತಪ್ಪು ನಂದೇ. ಅದನ್ನ ಸೊನ್ನೆ ಮಾಡಿಬಿಡಿ."

"ಇರಲಿ ಬಿಡಿ ಮೇಷ್ಟ್ರೇ" ಅಂದೆ. "ಮನೆಗೆ ಬಂದವರನ್ನ ಹಾಗೆಲ್ಲ ಹೊರಗೆ ಹಾಕೋಕಾಗುತ್ತಾ?"

ಬಾಗಿಲು ತೆಗೆಯದವಳು

ಸಂಜೆ ಆರೂವರೆಗೆ ಲೈಟು, ರೇಡಿಯೋ ಎರಡೂ ಶುರುವಾಗುತ್ತಿದ್ದವು. ನಾನು ಲೋಕಲ್ ಟ್ರೈನ್ ಇಳಿದು ಬರುವಾಗ ಏಳೂವರೆ. ಮೊದಲ ದಿನ ಕೆಳಗೆ ನಿಂತು ನನ್ನ ಕಿಟಕಿಯ ಬೆಳಕನ್ನು ನೋಡುತ್ತಲೇ ಇದ್ದೆ. ಎಲ್ಲ ಗೊತ್ತಿದ್ದೂ ಮೆಟ್ಟಿಲನ್ನು ಬೇಗ ಬೇಗ ಹತ್ತಿದೆ.

ಸಂಕ್ರಾಂತಿ ಕಳೆದ ವಾರ ಪಕ್ಕದ ಮನೆಯ ಮರಾಠಿ ಹೆಂಗಸು, ನಾನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದವರು, ನನ್ನನ್ನು ಮೆಟ್ಟಿಲ ಮೇಲೇ ಹಿಡಿದರು. ಮುಖ ಗಂಟು ಹಾಕಿಕೊಂಡಿದ್ದರು.

"ಮದುವೆಯಾದದ್ದನ್ನೂ ಹೇಳಲಿಲ್ಲ. ಹೋಗಲಿ. ಅರಿಶಿನ-ಕುಂಕುಮಕ್ಕೆ ಕರೆಯೋಣ ಅಂತ ಮೂರು ಸಂಜೆಯಿಂದ ಬಾಗಿಲು ತಟ್ತಾ ಇದ್ದೀನಿ. ಒಳಗೆ ಲೈಟಿದೆ, ರೇಡಿಯೋ ಹಾಡುತ್ತೆ, ನಿನ್ನ ಹೆಂಡತಿ ಬಾಗಿಲು ಮಾತ್ರ ತೆಗೆಯಲ್ಲ!"

"ಹೆಂಡತಿಯಲ್ಲ ಮಾವಶಿ, ಅದು ಕಂಪ್ಯೂಟರ್."

"ಕಂಪ್ಯೂಟರ್ ಕಲಿತವಳಾ? ಅದಕ್ಕೇ ಅಷ್ಟು ಜಂಭ!"

ಬೇರೆ ದಾರಿಯಿಲ್ಲದೆ ಒಳಗೆ ಕರೆದೆ. ಟೀವಿ, ವೈರು, ಟಕ್ ಟಕ್ ಅನ್ನುವ ಸ್ವಿಚ್ಚಿನ ಡಬ್ಬಿ ಎಲ್ಲ ತೋರಿಸಿದೆ. ಅವರು ಅದನ್ನು ನೋಡಿದ್ದು ಕಡಿಮೆ. ತೊಳೆದಿಟ್ಟಿದ್ದ ಒಂದೇ ತಟ್ಟೆ, ಒಂದೇ ಲೋಟವನ್ನು ನೋಡಿದರು. ಸರಸರನೆ ಹೊರಟುಹೋದರು.

ಬೇಜಾರಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ತಿರುಗಿ ಬಂದರು. ಕೈಯಲ್ಲಿ ಕುಂಕುಮದ ಬಟ್ಟಲು, ರವಿಕೆ ಕಣ, ನಾಲ್ಕು ಎಳ್ಳುಂಡೆ. ಉಂಡೆ ನನ್ನ ಕೈಗಿಟ್ಟರು. ರವಿಕೆ ಕಣವನ್ನು ಕಂಪ್ಯೂಟರಿನ ಮುಂದೆ ಇಟ್ಟು, ಅದರ ಮೂಲೆಗೆ ಒಂದು ಚಿಟಿಕೆ ಕುಂಕುಮ ಹಚ್ಚಿದರು.

"ಲೈಟು ಹಾಕ್ತಾಳೆ, ರೇಡಿಯೋ ಹಾಕ್ತಾಳೆ, ಎಲ್ಲ ಸರಿ" ಅಂದರು ಮಾವಶಿ. "ಬಾಗಿಲು ತೆಗೆಯೋದೊಂದು ಕಲಿಸಪ್ಪ. ನಾಲ್ಕು ಜನ ಬಂದು ಹೋಗೋ ಮನೆ ಆಗಲಿ."