ಗೌರಿ ತಲೆ ಎತ್ತಲಿಲ್ಲ

ಸಕಲೇಶಪುರ, ಆಲೂರು ಕಡೆ ದನದ ಡಾಕ್ಟರಾಗಿ ಸುತ್ತುವ ನನಗೆ ನಗದೆ ಮನೆಗೆ ಬಂದ ದಿನವೇ ನೆನಪಿಲ್ಲ. ದನ ನೋಡಲು ನಾನು ಹೋದರೆ, ದನಗಳು ನನ್ನನ್ನೇ ನೋಡುತ್ತವೆ. ಅದೂ ಒಂದೊಂದು ವಯಸ್ಸಿಗೆ ಒಂದೊಂದು ಥರ!

ಎಳೆಗರು

ಬಾಳ್ಳುಪೇಟೆ ಹತ್ತಿರ ಒಂದು ಹಸುವಿಗೆ ಜ್ವರ. ಬಗ್ಗಿ ಎದೆಬಡಿತ ಕೇಳಿದರೆ ಡಬ್ ಡಬ್ ಬದಲು ಚಪ್ ಚಪ್! ನಾನು ಗಾಬರಿ. ಮನೆಯಾಕೆ ಸೆರಗು ಬಾಯಿಗಿಟ್ಟು ನಕ್ಕರು.

"ಕೆಳಗೆ ನೋಡಿ ಡಾಕ್ಟ್ರೇ."

ಹಸುವಿನ ಕರು ನನ್ನ ಸ್ಟೆತಸ್ಕೋಪಿನ ನಳಿಕೆ ಚೀಪುತ್ತಿತ್ತು.

"ಸಿಕ್ಕಿದ್ದನ್ನೆಲ್ಲ ಚೀಪಿ ನೋಡ್ತದೆ ಕಣ್ರೀ. ಬಿಡಿಸ್ಕೊಳ್ಳಿ, ಹಾಲು ಬರ್ಲಿಲ್ಲ ಅಂದ್ರೆ ಗುದ್ದುತ್ತೆ!"

ಮಾತು ಮುಗಿಯುವುದರೊಳಗೆ ಗುದ್ದಿತು.

ಹರೆಯದ ಕಡಸುಗಳು

ವನಗೂರಿನ ಹುಲ್ಲುಗುಡ್ಡಕ್ಕೆ ಇನ್ನೂ ಕರು ಹಾಕದ ಕಡಸುಗಳಿಗೆ ಲಸಿಕೆ ಕೊಡಲು ಹೋಗಿದ್ದೆ. ಮದುವೆಗೆ ಮುಂಚಿನ ಫೋಟೋ ತೆಗೆಸಲು ಒಂದು ಜೋಡಿಯೂ ಜೀಪಿನಲ್ಲಿ ಬಂತು. ಹುಡುಗಿಯ ಉದ್ದನೆಯ ಗೌನು ಗಾಳಿಗೆ ಹಾರಿದ್ದೇ ತಡ, ಕಡಸುಗಳೆಲ್ಲ ಬಾಲ ಎತ್ತಿಕೊಂಡು ಅತ್ತ ಓಡಿದವು. ಜೋಡಿ ಓಡಿತು, ಅವೂ ಓಡಿದವು. ಹುಡುಗಿ ಸುಸ್ತಾಗಿ ನಿಂತಳು. ಅವೂ ಸುತ್ತ ನಿಂತು, ಮೂಗು ಚಾಚಿ ಪಿಳಿಪಿಳಿ ನೋಡಿದವು.

"ಹಾಯ್ತವಾ?" ಹುಡುಗ ಕೂಗಿದ.

"ಇಲ್ಲ ಮಾರಾಯ! ವಯಸ್ಸು ಅಂಥಾದ್ದು, ಹೊಸದೇನಿದ್ರೂ ಹತ್ರ ಹೋಗಿ ನೋಡ್ಬೇಕು ಅವಕ್ಕೆ!" ಅಂದ ದನ ಕಾಯುವವನು.

ಹುಡುಗ ಆಗಲೇ ಜೀಪಿನ ಮೇಲೆ ಹತ್ತಿದ್ದ. ಕಡಸುಗಳ ನಡುವಿಂದ ಹುಡುಗಿ ನನ್ನನ್ನು ಕೇಳಿದಳು: "ಡಾಕ್ಟ್ರೇ, ಬಿಟ್ಟು ಓಡಿಹೋಗೋ ಕಾಯಿಲೆಗೆ ಲಸಿಕೆ ಐತಾ?"

ಮುದಿ ಗೌರಿ

ಆಲೂರು ಕಡೆಯ ಅಜ್ಜಿಯೊಬ್ಬರು ಫೋನಿನಲ್ಲಿ ಅತ್ತೇಬಿಟ್ಟರು. "ನಮ್ಮ ಹಸ ಗೌರಿ ಯಾವ್ದನ್ನೂ ತಲೆ ಎತ್ತಿ ನೋಡಲ್ಲ. ಕಣ್ಣು ಹೋಗ್ಬುಡ್ತಾ, ಕಿವಿ ಹೋಗ್ಬುಡ್ತಾ?"

ಓಡಿಹೋದೆ. ಗೌರಿ ಅಂಗಳದಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಜ್ವರವಿಲ್ಲ, ಹೊಟ್ಟೆಯೂ ಸರಿ. ಎದುರಿಗೇ ಛತ್ರಿಯನ್ನು ಫಟ್ಟನೆ ಬಿಚ್ಚಿದೆ. ಕಣ್ಣು ಮಿಟುಕಿಸಿತು, ಅಷ್ಟೇ. ನಾಯಿಯಂತೆ ಬೊಗಳಿದೆ. ಊಹೂಂ. ಕೊನೆಗೆ ತಟ್ಟೆ ಬಡಿಯುತ್ತ ಕುಣಿದೇ ಬಿಟ್ಟೆ! ಬೇಲಿಯಾಚೆ ಊರೇ ಸೇರಿತು. ಗೌರಿ ಒಂದು ಕಿವಿಯನ್ನು ನನ್ನತ್ತ ತಿರುಗಿಸಿ, ಮತ್ತೆ ವಾಪಸ್ ಎಳೆದುಕೊಂಡಿತು.

"ಕಣ್ಣು ಕಿವಿ ಎರಡೂ ಚೆನ್ನಾಗಿವೆ ಅಜ್ಜಿ," ಏದುಸಿರು ಬಿಡುತ್ತ ಹೇಳಿದೆ. "ವಯಸ್ಸಾಯ್ತಲ್ಲ, ಎಲ್ಲ ನೋಡಿ ಆಗಿದೆ ಅದಕ್ಕೆ."

ಅಜ್ಜಿಯ ಮುಖ ಅರಳಿತು. "ಹಂಗಾದ್ರೆ ನಮ್ಮೆಜಮಾನ್ರಿಗೂ ಏನೂ ಆಗಿಲ್ಲ!" ಎಂದು ಜಗಲಿಯತ್ತ ಕೈ ತೋರಿದರು. ಅಷ್ಟು ಹೊತ್ತೂ ನನ್ನೆದುರೇ ಕೂತು ಅಡಿಕೆ ಕತ್ತರಿಸುತ್ತಿದ್ದ ಅಜ್ಜ, ತಲೆ ಎತ್ತದೆ ಕೇಳಿದರು:

"ಏನೇ, ಡಾಕ್ಟ್ರು ಇನ್ನೂ ಬರ್ಲಿಲ್ವಾ?"