ಭಾವ, ನಾಯಿ ಮತ್ತು ವರ್ಬು

ಆ ದಿನ ಏನೇನು ಕೆಡಬಹುದಿತ್ತು? ಮಡಿಕೇರಿ ಘಾಟಿಯಲ್ಲಿ ಮರ ಬಿದ್ದು ಶಾಲಾ ಇನ್ಸ್‌ಪೆಕ್ಟರು ದಾರಿಯಲ್ಲೇ ಉಳಿಯಬಹುದಿತ್ತು. ಉಳಿಯದೆ ಬಂದರೂ ತಿರುವುಗಳಲ್ಲಿ ಹೊಟ್ಟೆ ತೊಳಸಿ, ಆ ಸಿಟ್ಟನ್ನು ನನ್ನ ಮಗಳ ಮೇಲೆ ತೀರಿಸಬಹುದಿತ್ತು. ಮಗಳ ಗಂಟಲು ಕಟ್ಟಬಹುದಿತ್ತು. ಶಾಲೆಯ ಹಂಚು ಜಾರಿ ನೇರವಾಗಿ ಇನ್ಸ್‌ಪೆಕ್ಟರ ತಲೆಯ... ಬೇಡ, ಬರೆಯುವಾಗಲೂ ಎದೆ ಹೊಡೆದುಕೊಳ್ಳುತ್ತದೆ! ಇವೆಲ್ಲ ಚಿಲ್ಲರೆ ಭಯಗಳು. ದೊಡ್ಡ ಭಯಕ್ಕೆ ಎರಡು ಕಾಲು, ಒಂದು ಕೊಡೆ, ಸೀಟಿಯಂಥ ಗಂಟಲು ಇದ್ದವು: ನನ್ನ ಹೆಂಡತಿಯ ಅಣ್ಣ. ಇಡೀ ಕೊಡಗು ರಾಜ್ಯದಲ್ಲಿ ನಾಯಿಗೆ ಇಂಗ್ಲಿಷ್ ವ್ಯಾಕರಣ ಕಲಿಸಿದವರು ಅವರೊಬ್ಬರೇ.

ಆಗ ಕೊಡಗೇ ಒಂದು ರಾಜ್ಯ, ಅದೂ ಅಂಗೈಯಷ್ಟಗಲ, ಇದರಲ್ಲಿ ಯಾವ ದೊಡ್ಡಸ್ತಿಕೆ ಎನ್ನುತ್ತೀರಾ? ಹಾಗಾದರೆ ಕೇಳಿ.

ಭಾವ ಬಿಳಿ ದೊರೆಯೊಬ್ಬನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ದೊರೆ ಆಡುತ್ತಿದ್ದುದೆಲ್ಲ ಅಪ್ಪಣೆ: ಪಿಕ್! ಕ್ಯಾರಿ! ಸ್ಟಾಪ್! ವಸ್ತುವಿನ ಹೆಸರು ಹೇಳುವ ಕಷ್ಟವನ್ನೇ ಆತ ತೆಗೆದುಕೊಳ್ಳುತ್ತಿರಲಿಲ್ಲ, ಬೆತ್ತದಲ್ಲಿ ತೋರಿಸಿಬಿಡುತ್ತಿದ್ದ. ಹಾಗಾಗಿ ಭಾವನ ಪ್ರಕಾರ ದೊರೆಯ ಬಾಯಿಂದ ಬಂದದ್ದು ವರ್ಬು, ಬೆತ್ತದ ತುದಿಯಲ್ಲಿ ಕಂಡದ್ದು ನೌನು. ಅಡ್ಜೆಕ್ಟಿವ್ ದೊರೆಸಾನಿಯ ಸೊತ್ತು. ಇಂಟರ್ಜೆಕ್ಷನ್ ಎಂದರೆ ಜಿಗಣೆ ಹಿಡಿದಾಗ ಬಾಯಿಂದ ಬರುವುದು. ಕನ್ಜಂಕ್ಷನ್? ಅದು ನಾನು! ಮಾತುಮಾತಿಗೆ "ಒಂದು ವೇಳೆ" ಎನ್ನುತ್ತೇನೆಂದು ನನಗೆ "ಇಫ್ ಭಾವ" ಎಂದೇ ಹೆಸರಿಟ್ಟಿದ್ದರು.

ಒಂದು ಪದ ವರ್ಬೋ ಅಲ್ಲವೋ ಎಂದು ಗೊತ್ತಾಗಬೇಕಾದರೆ ಅವರು ಪುಸ್ತಕ ತೆರೆಯುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಕೂಗುತ್ತಿದ್ದರು. "ಟೇಬಲ್!" ನಾಯಿ ಕಿವಿಯನ್ನೂ ಅಲ್ಲಾಡಿಸಲಿಲ್ಲ, ನೌನು. "ರನ್!" ಓಡಿತು, ವರ್ಬು. ನನ್ನ ಮಗಳು ಲಂಗ ಎತ್ತಿಕೊಂಡು ಆ ನಾಯಿಯ ಜೊತೆ ಓಡಿ, ಕೂತು, ನೆಗೆದು ಇಂಗ್ಲಿಷ್ ಕಲಿತಳು. ನಮ್ಮೂರು ಸಂಪಾಜೆಯ ಮಂದಿಯೆಲ್ಲ ಬೇಲಿಯಾಚೆ ನಿಂತು ನಕ್ಕರು.

ಒಮ್ಮೆ ಅವರನ್ನು ಸಿಕ್ಕಿಸಿಹಾಕಲು ನೋಡಿದೆ. "ಭಾವಾ, 'ಬಿ' ಅಂದರೆ ಇರು. ಅದೂ ವರ್ಬಂತೆ. ಈಗ ಕೂಗಿ, ನಾಯಿ ಏನು ಮಾಡ್ತದೆ ನೋಡುವ!"

"ಬಿ!" ಎಂದು ಗುಡುಗಿದರು. ಮಲಗಿದ್ದ ನಾಯಿ ಒಂದು ಕಣ್ಣು ತೆರೆದು, ಮುಚ್ಚಿತು.

"ಎಂತ ಮಾಡ್ತು?" ಎಂದೆ, ಗೆದ್ದವನ ಹಾಗೆ.

"ಉಟ್ಟಲ್ಲಾ! ಹೇಳಿದಂಗೆ ಅಲ್ಲೇ ಉಟ್ಟು. ಇನ್ನೆಂತ ಬೇಕು ನಿಂಗೆ?" ಉಟ್ಟು ಎಂದರೆ ಅವರ ಅರೆಭಾಷೆಯಲ್ಲಿ 'ಇದೆ'.

ಇಂಥವರ ಸೋದರಸೊಸೆ, ನನ್ನ ಮಗಳು, ಟೀಚರಾದಳು, ಆದರೆ ತಾತ್ಕಾಲಿಕ. ಇನ್ಸ್‌ಪೆಕ್ಟರು ಬಂದು ಪಾಠ ಕೇಳಿ ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಹಿಂದಿನ ದಿನ ಭಾವನ ಬಳಿ ಹೋದೆ.

"ನಾಳೆ ಒಂದು ದಿನ ಶಾಲೆ ಕಡೆ ಬರಬೇಡಿ ಭಾವಾ. ಒಂದು ವೇಳೆ..."

"ಬಂತಲ್ಲ ಇಫ್! ಬಾದಿಲ್ಲೆ ಮಾರಾಯ."

"ನಾಯಿ?"

"ಅದಕ್ಕೂ ಕೆಲಸ ಉಟ್ಟು."

ಮರ ಬೀಳಲಿಲ್ಲ. ಹಂಚು ಜಾರಲಿಲ್ಲ. ಇನ್ಸ್‌ಪೆಕ್ಟರು ನಗುನಗುತ್ತಲೇ ಬಂದರು! ನಾನು ಮಗಳಿಗೆ ಬುತ್ತಿ ಕೊಡುವ ನೆಪದಲ್ಲಿ ಜಗಲಿಯ ಕಂಬಕ್ಕೆ ಅಂಟಿಕೊಂಡು ನಿಂತಿದ್ದೆ.

"ವರ್ಬನ್ನು ಗುರುತಿಸೋದು ಹೇಗಮ್ಮ?" ಎಂದರು ಇನ್ಸ್‌ಪೆಕ್ಟರು.

ಪುಸ್ತಕದ ಉತ್ತರ ಹೇಳು ತಾಯಿ ಎಂದು ಕೈಮುಗಿದೆ.

"ಕೂಗಿ ನೋಡೋದು ಸಾರ್," ಎಂದಳು!

ನಾನು ಕಂಬದ ಹಿಂದೆ ಸರಿದೆ. ಅವಳು "ಸ್ಟ್ಯಾಂಡ್!" ಎಂದಳು. ತರಗತಿ ಎದ್ದಿತು; ಯಾವ ಮೇಲಧಿಕಾರಿಯ ನೆನಪಾಯಿತೋ, ಇನ್ಸ್‌ಪೆಕ್ಟರೂ ಅರ್ಧ ಎದ್ದರು. ಎದ್ದವರು ಹಠ ಹಿಡಿದು ತಾವೇ ಕೂಗಿದರು: "ಬೋರ್ಡ್!" ಯಾರೂ ಮಿಸುಕಲಿಲ್ಲ. "ನೌನ್ ಸಾರ್!" ಎಂದು ಮಕ್ಕಳು ಕಿರುಚಿದರು.

"ಭೇಷ್! ಯಾರಮ್ಮ ಇದನ್ನು ಕಲಿಸಿದ್ದು?"

"ನನ್ನ ಮಾವ ಸಾರ್. ಇಷ್ಟು ಇಂಗ್ಲಿಷೂ ಅವರದ್ದೇ."

"ಇರಲಿ, ಈ ಟೀಚರು ಇಲ್ಲೇ ಇರಲಿ. ಕಾಯಂ ಮಾಡಲು ಬರೆಯುತ್ತೇನೆ."

ಮಗಳಿಗೆ ಉಸಿರು ಬಂತು. ಮಕ್ಕಳ ಕಡೆ ತಿರುಗಿ "ಲಾಫ್!" ಎಂದಳು. ಮಕ್ಕಳು ನಕ್ಕರು. ಇನ್ಸ್‌ಪೆಕ್ಟರು ಹೊಟ್ಟೆ ಕುಲುಕಿಸಿ ನಕ್ಕರು. ತಿಂಗಳಿಂದ ನಿದ್ದೆಗೆಟ್ಟ ನಾನೂ ಕಂಬ ಹಿಡಿದು ನಕ್ಕೆ. ನಗುತ್ತಾ ಪಕ್ಕಕ್ಕೆ ತಿರುಗಿದರೆ, ಹಿಂಬದಿಯ ಕಿಟಕಿಯ ಹೊರಗೆ, ಬಿಸಿಲಲ್ಲಿ, ಬಿಡಿಸಿದ ಕೊಡೆ! ಅದರ ಬುಡದಲ್ಲಿ ಬಾಲ ಅಲ್ಲಾಡಿಸುವ ನಾಯಿ. ಬರುವುದಿಲ್ಲ ಎಂದಿದ್ದರಲ್ಲ ಮಹಾಶಯರು!

ಮೆಲ್ಲಗೆ ಹೋಗಿ ಕೊಡೆಯೊಳಗೆ ಇಣುಕಿದೆ. ಆ ದಿನ ಕೆಟ್ಟದ್ದು ಅದೊಂದೇ: ಅಷ್ಟು ಮಂದಿ ಪಾಲಿಸಿದ 'ಲಾಫ್' ಎಂಬ ಆ ವರ್ಬನ್ನು ಭಾವ ಮಾತ್ರ ಪಾಲಿಸಲಿಲ್ಲ. ಪಂಚೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು, ಸದ್ದಾಗದಂತೆ ಅಳುತ್ತಿದ್ದರು.